ಸುಟ್ಟ ಗುಡ್ಡ ನೋಡಲು ಸಂಡೂರಿಗೆ

ಮಳೆಗಾಲದ ಸಂಡೂರನ್ನು ಎಲ್ಲರೂ ನೋಡಿರುತ್ತಾರೆ. ನನಗೆ ಬೆಂಕಿ ಹಾದುಹೋದ ಗುಡ್ಡ ನೋಡಬೇಕಿತ್ತು. ಅದಕ್ಕೇ ಏಪ್ರಿಲ್‌ನಲ್ಲಿ ಹೊರಟೆ. ಬಳ್ಳಾರಿಯಿಂದ ತೋರಣಗಲ್ಲು ದಾಟಿ ಬಸ್ಸು ಸಂಡೂರು ಮುಟ್ಟುವಷ್ಟರಲ್ಲಿ ಅದಿರಿನ ಕೆಂಪು ಧೂಳು ಅಂಗಿಗೆಲ್ಲ ಮೆತ್ತಿತ್ತು.

ಕುಮಾರಸ್ವಾಮಿ ದೇವಸ್ಥಾನದ ದಾರಿಯಲ್ಲಿ ಒಂದು ಇಳಿಜಾರು ಪೂರ್ತಿ ಕಪ್ಪಾಗಿತ್ತು. ಬೇಸಿಗೆಯಲ್ಲಿ ಬೆಂಕಿ ಕಾಯುವ ಕೆಲಸದ ಅಣ್ಣನೊಬ್ಬರು ಜೊತೆಗೆ ಬಂದರು. ಬೆಂಕಿ ಬಿದ್ದರೆ ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸುತ್ತಾರಂತೆ. “ಬೆಂಕಿ ಮ್ಯಾಲಕ್ಕ ಜೋರು ಓಡ್ತೈತಿ ಸಾರ್, ಅದರ ಮುಂದ ನಿಲ್ಬಾರ್ದು” ಅಂದರು.

ಒಂದು ಮುತ್ತುಗದ ಬುಡ ಮೊಣಕಾಲೆತ್ತರಕ್ಕೆ ಇದ್ದಿಲಾಗಿತ್ತು. ಅವರು ಕುಡುಗೋಲಿನ ತುದಿಯಿಂದ ತೊಗಟೆ ಸ್ವಲ್ಪ ಕೆರೆದರು. ಒಳಗೆ ಹಸಿ ಇತ್ತು, ಕೆಂಪು ರಸ ಜಿನುಗಿತು. ಪಕ್ಕದಲ್ಲೇ ಸುಟ್ಟ ಹುಲ್ಲಿನ ಬುಡದಿಂದ ಬೆರಳುದ್ದದ ಚಿಗುರು ಎದ್ದಿತ್ತು. ಮಳೆ ಇನ್ನೂ ಬಂದಿರಲಿಲ್ಲ!

ಎಲೆ ಉದುರಿಸುವ ಇಂಥ ಕಾಡಿನಲ್ಲಿ ಬೆಂಕಿ ಹೆಚ್ಚಾಗಿ ನೆಲದ ಮೇಲೇ ಓಡುತ್ತದೆ. ತರಗು, ಒಣಹುಲ್ಲು ಸುಟ್ಟು ಮುಂದೆ ಹೋಗುತ್ತದೆ. ದಪ್ಪ ತೊಗಟೆಯ ಮರ ತಡೆದುಕೊಳ್ಳುತ್ತದೆ. ಹುಲ್ಲಿನ ಜೀವ ಮಣ್ಣೊಳಗಿರುತ್ತದೆ. ಹಾಗಂತ ಬೆಂಕಿ ಒಳ್ಳೆಯದು ಅಂತ ಸುಮ್ನೆ ಹೇಳಿಬಿಡೋಕೆ ಆಗಲ್ಲ. ಅಣ್ಣ ಒಂದು ಸಸಿ ಬಗ್ಗಿಸಿದರು, ಲಟ್ಟನೆ ಮುರಿಯಿತು. ಅದರ ತೊಗಟೆ ಇನ್ನೂ ತೆಳು. ನಮ್ಮ ಕಡೆ ಬೆಂಕಿ ಹತ್ತುವುದು ಬಹುತೇಕ ಮನುಷ್ಯರ ಕೈಯಿಂದಲೇ. ವರ್ಷ ವರ್ಷ ಅದೇ ಗುಡ್ಡ ಸುಟ್ಟರೆ ಸಸಿ ಮರವಾಗುವುದು ಯಾವಾಗ? ನೆಲದಲ್ಲಿ ಮೊಟ್ಟೆ ಇಡುವ ಕೌಜುಗದ ಗತಿ ಏನು?

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲೇ ಬಾಳುವ ಸೋಲಿಗ ಜನರ ‘ತರಗು ಬೆಂಕಿ’ ನೆನಪಾಯಿತು. ಬೇಸಿಗೆಯ ಬಿಸಿಲು ಏರುವ ಮುಂಚೆಯೇ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದರು. 1974ರಲ್ಲಿ ಆ ಕಾಡು ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಲಂಟಾನ ಅನ್ನೋ ಹೊರನಾಡಿನ ಕಳೆ ಇಷ್ಟು ಹಬ್ಬಿದ್ದು ಅದರಿಂದಲೇ ಅನ್ನುತ್ತಾರೆ ಸೋಲಿಗರು. ಒಣಗಿದ ಲಂಟಾನ ಪೊದೆಗೆ ಕಿಡಿ ತಾಗಿದರೆ ಉರಿ ಮರದ ತಲೆಗೇ ಏರುತ್ತದೆ. ಯಾವ ತಿಂಗಳು, ಎಷ್ಟು ವರ್ಷಕ್ಕೊಮ್ಮೆ ಬೆಂಕಿ ಕೊಡಬೇಕು ಅನ್ನೋದು ಸೋಲಿಗರಿಗೆ ಗೊತ್ತಿತ್ತು ಅಲ್ವಾ?

ಸಂಡೂರಿನ ಗುಡ್ಡಕ್ಕೆ ಅವರ ಲೆಕ್ಕವನ್ನೇ ತಂದು ಹಚ್ಚಬೇಕಿಲ್ಲ. “ಹಂಗಾದ್ರ ಇಲ್ಲಿ ಏನು ಮಾಡ್ಬೇಕಣ್ಣ?” ಅಂತ ಕೇಳಿದೆ. “ಬ್ಯಾಸಗಿ ಬರೋಕಿಂತ ಮೊದ್ಲ ಹುಲ್ಲು ಕೊಯ್ಯಾಕ ಬಿಡ್ಬೇಕು ಸಾರ್. ದನಕ್ಕೂ ಆಕ್ಕೈತಿ, ಬೆಂಕಿಗೂ ಮೇವು ಕಮ್ಮಿ ಆಕ್ಕೈತಿ” ಅಂದರು. ನನಗೂ ಅದೇ ಸರಿ ಅನ್ನಿಸಿತು. ಈ ಗುಡ್ಡ ಕಾಯುವ ಯೋಜನೆ ಮಾಡುವವರು ಮೊದಲು ಇವರ ಪಕ್ಕ ಕೂತು ಕೇಳಬೇಕು.