ಗ್ರಿಲ್‌ನ ಬೂದಿಯನ್ನು ಗಿಡಕ್ಕೆ ಹಾಕಬಹುದಾ?

ವಸಂತದ ಹದವಾದ ಬಿಸಿಲು ಬಿದ್ದ ಮೊದಲ ವಾರದಲ್ಲೇ, ಕೆಂಡದ ಮೇಲೆ ಅಡುಗೆ ಸುಡುವ ನಮ್ಮ ಗ್ರಿಲ್ ಹೊರಗೆ ಬರುತ್ತದೆ. ಅದೇ ವಾರ ಪಾತಿಗಳ ಕೆಲಸವೂ ಶುರು. ಬೆಳಿಗ್ಗೆ ಮಣ್ಣು ಕೆದಕಿ ಸಡಿಲ ಮಾಡುವುದು, ಸಂಜೆ ಇದ್ದಿಲು ಹೊತ್ತಿಸುವುದು. ಮೈ ಸುಡದ ಬಿಸಿಲು, ಸ್ವೆಟರ್ ಬೇಡದ ಸಂಜೆ. ಇಂಥ ದಿನಗಳು ವರ್ಷದಲ್ಲಿ ಎಷ್ಟು ಸಿಗುತ್ತವೆ? ಊಟಕ್ಕೆ ಬಂದವರು ತಟ್ಟೆ ಹಿಡಿದುಕೊಂಡೇ ಪಾತಿಗಳ ನಡುವೆ ಅಡ್ಡಾಡುತ್ತಾರೆ, ಯಾವ ಬೀಜ ಮೊಳೆತಿದೆ ಎಂದು ಬಗ್ಗಿ ನೋಡುತ್ತಾರೆ. ಕೆಂಡ ಆರುತ್ತ ಬಂದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಈ ಬೂದೀನ ಗಿಡಕ್ಕೆ ಹಾಕಬಹುದಾ?"

ಕೇಳುವವರಲ್ಲಿ ಎರಡು ಬಗೆ. ಬೂದಿ ಒಳ್ಳೆಯ ಗೊಬ್ಬರ ಎಂದು ಹಿರಿಯರಿಂದ ಕೇಳಿಸಿಕೊಂಡವರು ಒಂದು ಕಡೆ, ಬೂದಿ ಹಾಕಿ ಗಿಡ ಕಳೆದುಕೊಂಡವರು ಇನ್ನೊಂದು ಕಡೆ. ಇಬ್ಬರ ಮಾತೂ ನಿಜವೇ. ಆದ್ದರಿಂದ ನನ್ನ ಉತ್ತರ: ಹಾಕಬಹುದು, ಆದರೆ ಅದು ಯಾವುದರ ಬೂದಿ ಎಂದು ಗೊತ್ತಿರಬೇಕು, ನಿಮ್ಮ ಮಣ್ಣು ಎಂಥದ್ದು ಎಂದು ಗೊತ್ತಿರಬೇಕು, ಬಕೆಟ್ ಬದಿಗಿಟ್ಟು ಹಿಡಿ ಲೆಕ್ಕದಲ್ಲಿ ಹಾಕಬೇಕು. ಈ ಮೂರರಲ್ಲಿ ಒಂದನ್ನು ಮರೆತರೂ ಬೂದಿ ತಿರುಗಿ ಬೀಳುತ್ತದೆ.

ಮೊದಲು ಇದ್ದಿಲಿನ ಚೀಲ ನೋಡಿ. ಕಟ್ಟಿಗೆಯನ್ನು ಗಾಳಿ ಸಿಗದಂತೆ ಕಾಯಿಸಿ ಮಾಡಿದ, ಕೊಂಬೆಯ ಆಕಾರ ಇನ್ನೂ ಉಳಿದಿರುವ ತುಂಡು ಇದ್ದಿಲು ಆದರೆ ಅದರ ಬೂದಿ ಕಟ್ಟಿಗೆಯ ಬೂದಿಯೇ. ಎಲ್ಲ ಒಂದೇ ಅಳತೆಯಲ್ಲಿ ದಿಂಬಿನ ಹಾಗೆ ಒತ್ತಿ ಮಾಡಿದ ಬ್ರಿಕೆಟ್ ಆದರೆ ನಾನು ಪಾತಿಗೆ ಹಾಕುವುದಿಲ್ಲ. ಅದರಲ್ಲಿ ಇದ್ದಿಲ ಪುಡಿಯ ಜೊತೆ ಅಂಟಿಗಾಗಿ ಪಿಷ್ಟ, ಕೆಲವದರಲ್ಲಿ ಕಲ್ಲಿದ್ದಲು, ಸುಣ್ಣ, ಬೊರಾಕ್ಸ್ ಕೂಡ ಇರುತ್ತವೆ. ಬೇಗ ಹೊತ್ತಿಕೊಳ್ಳಲೆಂದು ದ್ರವ ಸವರಿದ ಬ್ರಿಕೆಟ್‌ಗಳೂ ಇವೆ. ಚೀಲದ ಮೇಲೆ ಏನೇನು ಸೇರಿದೆ ಎಂದು ಬರೆದಿಲ್ಲದಿದ್ದರೆ ಅದರ ಬೂದಿ ಕಸದ ಡಬ್ಬಿಗೆ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಗೆದ್ದಲು ಹಿಡಿಯದಂತೆ ಔಷಧ ಹೊಡೆದ ಮರ, ಇವನ್ನಂತೂ ಗ್ರಿಲ್‌ಗೇ ಹಾಕಬಾರದು. ಹಳೆಯ ಔಷಧದ ಮರಗಳಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇರುತ್ತಿದ್ದವು. ಬೆಂಕಿಯಲ್ಲಿ ಆರ್ಸೆನಿಕ್ ಪೂರ್ತಿ ಹೋಗುವುದಿಲ್ಲ, ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿ ತರಕಾರಿ ಪಾತಿಗೆ ಸೇರಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಇನ್ನೊಂದು, ಕೊಬ್ಬು. ಮಾಂಸ ಸುಟ್ಟ ದಿನ ಕೊಬ್ಬು ತೊಟ್ಟಿಕ್ಕಿ ಬೂದಿ ಉಂಡೆ ಉಂಡೆಯಾಗಿರುತ್ತದೆ. ಅದನ್ನು ಹಾಕಿದರೆ ರಾತ್ರಿ ಇಲಿಗಳೋ ನಾಯಿಯೋ ಬಂದು ಪಾತಿಯನ್ನೆಲ್ಲ ಕೆದರಿಬಿಡುತ್ತವೆ. ನಾನು ಬೂದಿಯನ್ನು ಜರಡಿ ಹಿಡಿಯುತ್ತೇನೆ. ಬೆಳ್ಳಗೆ, ನುಣ್ಣಗೆ ಕೆಳಗೆ ಬಿದ್ದದ್ದಷ್ಟೇ ತೋಟಕ್ಕೆ.

ಆ ಬೂದಿಯಲ್ಲಿ ಇರುವುದೇನು? ಮರ ತನ್ನ ಜೀವಮಾನವೆಲ್ಲ ಬೇರಿನಿಂದ ಎಳೆದುಕೊಂಡ ಖನಿಜಗಳು. ಇಂಗಾಲವೂ ಸಾರಜನಕವೂ ಬೆಂಕಿಯಲ್ಲಿ ಗಾಳಿಗೆ ಹೋಗುತ್ತವೆ. ಉಳಿಯುವುದರಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ, ಆಮೇಲೆ ಪೊಟ್ಯಾಸಿಯಂ, ಸ್ವಲ್ಪ ಮೆಗ್ನೀಸಿಯಂ, ಸ್ವಲ್ಪ ರಂಜಕ. ಪೊಟ್ಯಾಸಿಯಂಗೆ ಆ ಹೆಸರು ಬಂದದ್ದೇ ಬೂದಿಯಿಂದ. ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿ ಬಸಿದು, ಪಾತ್ರೆಯಲ್ಲಿ ಬತ್ತಿಸಿದಾಗ ತಳದಲ್ಲಿ ಸಿಗುವ ಉಪ್ಪಿಗೆ ಇಂಗ್ಲಿಷಿನವರು ಪಾಟ್ ಆಶ್, ಅಂದರೆ ಪಾತ್ರೆಯ ಬೂದಿ ಎನ್ನುತ್ತಿದ್ದರು. 1807ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಅದರಿಂದ ಪಡೆದ ಕ್ಷಾರದೊಳಗೆ ವಿದ್ಯುತ್ ಹರಿಸಿ ಹೊಸ ಲೋಹವೊಂದನ್ನು ಬೇರ್ಪಡಿಸಿದಾಗ ಅದಕ್ಕೆ ಪೊಟ್ಯಾಸಿಯಂ ಎಂದು ಹೆಸರಿಟ್ಟ. ಅಲ್ಕಲಿ ಎಂಬ ಪದ ಕೂಡ ಗಿಡದ ಬೂದಿಯನ್ನು ಸೂಚಿಸುವ ಅರಬ್ಬಿ ಪದದಿಂದಲೇ ಬಂದದ್ದು. ಅಂಗಳದ ಮೂಲೆಯಲ್ಲಿ ತಣ್ಣಗೆ ಕೂತ ಒಂದು ಡಬ್ಬಿ ಬೂದಿಯ ಹಿಂದೆ ಇಷ್ಟೆಲ್ಲ ಇದೆ ಎಂದು ತಿಳಿದ ದಿನದಿಂದ ನನಗೆ ಅದನ್ನು ಸುಮ್ಮನೆ ಎಸೆಯಲು ಮನಸ್ಸೇ ಬರುವುದಿಲ್ಲ.

ಈ ಪೊಟ್ಯಾಸಿಯಂ ನೀರಿನಲ್ಲಿ ಸುಲಭವಾಗಿ ಕರಗಿ ಹೋಗುತ್ತದೆ. ಹೀಗಾಗಿ ಮಳೆಯಲ್ಲಿ ನೆನೆದ ಬೂದಿಯಲ್ಲಿ ಅದು ಬಹಳ ಮಟ್ಟಿಗೆ ಇರುವುದಿಲ್ಲ, ಸುಣ್ಣದ ಗುಣ ಮಾತ್ರ ಉಳಿಯುತ್ತದೆ. ಡಬ್ಬಿಗೆ ಮುಚ್ಚಳ ಬೇಕು.

ಸುಣ್ಣದ ಗುಣ ಎಂದೆನಲ್ಲ, ಇಡೀ ಪ್ರಶ್ನೆಯ ತಿರುಳು ಅಲ್ಲಿದೆ. ಬೂದಿಯನ್ನು ಗೊಬ್ಬರ ಎಂದು ನೋಡುವುದಕ್ಕಿಂತ ಸುಣ್ಣ ಎಂದು ನೋಡುವುದು ಕ್ಷೇಮ. ಅದು ತೀರ ಕ್ಷಾರ. ಪಿಎಚ್ ಎಂದರೆ ಹುಳಿ-ಕ್ಷಾರದ ಅಳತೆ, 7 ಸಮ, ಅದರ ಕೆಳಗೆ ಹುಳಿ, ಮೇಲೆ ಕ್ಷಾರ. ಬೂದಿಯದು 10ರಿಂದ 12ರವರೆಗೆ ಹೋಗುತ್ತದೆ. ಹೆಚ್ಚಿನ ತರಕಾರಿಗಳಿಗೆ ಹಿತವಾದ ಮಣ್ಣಿನ ಪಿಎಚ್ 6ರಿಂದ 7ರ ನಡುವೆ. ಹುಳಿ ಮಣ್ಣಿದ್ದವರಿಗೆ ಬೂದಿ ವರ. ಕಣ ತುಂಬ ಸಣ್ಣದಾದ್ದರಿಂದ ಸುಣ್ಣದ ಕಲ್ಲಿನ ಪುಡಿಗಿಂತ ಬೇಗ ಕೆಲಸ ಮಾಡುತ್ತದೆ. ಆದರೆ ಮೊದಲೇ ಪಿಎಚ್ 7 ದಾಟಿದ ಮಣ್ಣಿಗೆ ಒಂದು ಹಿಡಿಯೂ ಬೇಡ.

ಇದನ್ನು ನಾನು ಕಲಿತದ್ದು ಒಂದು ಪಾತಿಯನ್ನು ಹಾಳು ಮಾಡಿಕೊಂಡ ಮೇಲೆ. ತೋಟ ಶುರು ಮಾಡಿದ ಹೊಸತರಲ್ಲಿ ಒಂದು ಚಳಿಗಾಲದ ಒಲೆಯ ಬೂದಿ, ಅದರ ಮೇಲೆ ವಸಂತದ ಗ್ರಿಲ್‌ನ ಬೂದಿ, ಎಲ್ಲವನ್ನೂ ಬೀನ್ಸ್ ಪಾತಿಗೆ ಸುರಿದಿದ್ದೆ. ಬೀಜಗಳಲ್ಲಿ ಅರ್ಧ ಮೊಳೆಯಲೇ ಇಲ್ಲ. ಮೊಳೆತವುಗಳ ಎಳೆ ಎಲೆಗಳು ಹಳದಿಗೆ ತಿರುಗಿದವು, ನರಗಳು ಮಾತ್ರ ಹಸಿರು. ನೀರು ಕಡಿಮೆಯಾಯಿತೆಂದುಕೊಂಡು ಇನ್ನಷ್ಟು ನೀರು ಹಾಕಿದೆ. ಮಣ್ಣು ಪರೀಕ್ಷೆ ಮಾಡಿಸಿದಾಗ ಪಿಎಚ್ 8ರ ಹತ್ತಿರ ಇತ್ತು. ಅಷ್ಟು ಕ್ಷಾರದಲ್ಲಿ ಮಣ್ಣಿನೊಳಗೆ ಕಬ್ಬಿಣ ಇದ್ದರೂ ಅದು ಬೇರಿಗೆ ದಕ್ಕುವ ರೂಪದಲ್ಲಿ ಇರುವುದಿಲ್ಲ. ಎಳೆ ಎಲೆ ಹಳದಿ, ನರ ಹಸಿರು, ಇದು ಕಬ್ಬಿಣದ ಕೊರತೆಯ ಗುರುತು. ಎಲೆ ಗೊಬ್ಬರ, ಕಾಂಪೋಸ್ಟ್ ಸೇರಿಸುತ್ತ ಆ ಪಾತಿ ಹದಕ್ಕೆ ಬರಲು ಎರಡು ವರ್ಷ ಹಿಡಿಯಿತು. ಹಾಕುವುದು ಒಂದು ಗಳಿಗೆಯ ಕೆಲಸ, ತೆಗೆಯುವುದು ಹಾಗಲ್ಲ. ಅದಕ್ಕೇ ಈ ಪ್ರಶ್ನೆ ಕೇಳಿದವರಿಗೆಲ್ಲ ಮೊದಲು ಪಿಎಚ್ ನೋಡಿಸಿ ಎಂದು ಒತ್ತಿ ಹೇಳುತ್ತೇನೆ.

ಹಾಗಾದರೆ ಎಷ್ಟು? ಹುಳಿ ಮಣ್ಣಾದರೆ, ಒಂದು ಚದರ ಮೀಟರ್ ಪಾತಿಗೆ ಇಡೀ ವರ್ಷಕ್ಕೆ ಹೆಚ್ಚೆಂದರೆ 100 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದ್ದೇನೆ, ನನ್ನ ಕೈಯಲ್ಲಿ ಅದು ಮೂರು ಹಿಡಿ. ಒಳ್ಳೆಯ ತುಂಡು ಇದ್ದಿಲಿನಲ್ಲಿ ಬೂದಿಯ ಪಾಲು ಸಾಮಾನ್ಯವಾಗಿ ನೂರಕ್ಕೆ 5ಕ್ಕಿಂತ ಕಡಿಮೆ. ಅಂದರೆ 2 ಕಿಲೋ ಇದ್ದಿಲು ಉರಿಸಿದ ಸಂಜೆಯಿಂದ ಸಿಗುವುದು 100 ಗ್ರಾಂ ಒಳಗೇ. ಒಂದು ಸಂಜೆಯ ಊಟಕ್ಕೆ ಒಂದು ಚದರ ಮೀಟರ್ ಎಂದು ನೆನಪಿಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ. ವಾರವಾರ ಗ್ರಿಲ್ ಮಾಡುವವರು ವಾರಕ್ಕೊಂದು ಜಾಗ ಬದಲಿಸಬೇಕು, ಇಲ್ಲವೇ ಕಾಂಪೋಸ್ಟ್ ಗುಂಡಿಗೆ ತೆಳ್ಳಗೆ ಉದುರಿಸಬೇಕು.

ಹಾಕುವ ಹೊತ್ತು ಬಿತ್ತನೆಗೆ ಎರಡು ಮೂರು ವಾರ ಮೊದಲು. ಗಾಳಿ ಇಲ್ಲದ ಬೆಳಿಗ್ಗೆ, ಕೈಗವಸು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಕಣ್ಣಿಗೆ ಬಿದ್ದರೆ ಸುಡುತ್ತದೆ, ಬೆವತ ಕೈಗೆ ಅಂಟಿದರೂ ಉರಿಯುತ್ತದೆ. ಸಮನಾಗಿ ಉದುರಿಸಿ, ಮೇಲ್ಮಣ್ಣಿನಲ್ಲಿ ಕೆದಕಿ ಸೇರಿಸಬೇಕು. ಗುಡ್ಡೆ ಬಿಟ್ಟರೆ ಅಲ್ಲಿ ಉಪ್ಪು ಕಟ್ಟಿಕೊಂಡು ಎಳೆ ಬೇರು ಸುಟ್ಟುಹೋಗುತ್ತದೆ. ಯೂರಿಯಾ, ಅಮೋನಿಯಂ ಗೊಬ್ಬರ, ಹಸಿ ಸಗಣಿಯ ಜೊತೆ ಒಂದೇ ದಿನ ಹಾಕಬೇಡಿ. ಕ್ಷಾರ ತಾಗಿದೊಡನೆ ಅವುಗಳ ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಮೂಗಿಗೆ ಘಾಟು ಬಡಿದರೆ, ಗೊಬ್ಬರಕ್ಕೆ ಕೊಟ್ಟ ದುಡ್ಡು ಗಾಳಿಗೆ ಹೋಗುತ್ತಿದೆ ಎಂದೇ ಅರ್ಥ.

ಕೆಲವು ಗಿಡಗಳ ಹತ್ತಿರ ಬೂದಿ ಸುಳಿಯಲೇಬಾರದು. ಬ್ಲೂಬೆರಿ, ಅಜೇಲಿಯಾ, ಕ್ಯಾಮೆಲಿಯಾ ಇವೆಲ್ಲ ಹುಳಿ ಮಣ್ಣಿನ ಮಕ್ಕಳು. ಆಲೂಗಡ್ಡೆಗೂ ಬೇಡ, ಮಣ್ಣು ಕ್ಷಾರವಾದಷ್ಟೂ ಗೆಡ್ಡೆಯ ಸಿಪ್ಪೆಗೆ ಕಜ್ಜಿ ಹತ್ತುವುದು ಹೆಚ್ಚು. ನೀಲಿ ಹೂ ಬಿಡುವ ಹೈಡ್ರೇಂಜಿಯಾ ಬುಡಕ್ಕೆ ಹಾಕುತ್ತ ಹೋದರೆ ಹೂ ಗುಲಾಬಿ ಬಣ್ಣಕ್ಕೆ ತಿರುಗಬಹುದು, ಏಕೆಂದರೆ ನೀಲಿ ಬರಲು ಬೇಕಾದ ಅಲ್ಯೂಮಿನಿಯಂ ಹುಳಿ ಮಣ್ಣಿನಲ್ಲಿ ಮಾತ್ರ ಬೇರಿಗೆ ಸಿಗುತ್ತದೆ. ಕೋಸಿನ ಜಾತಿಗಾದರೋ ಬೂದಿ ಒಗ್ಗುತ್ತದೆ. ಬೇರು ಗಂಟುಗಂಟಾಗಿ ಊದುವ ಅದರ ರೋಗ ಹುಳಿ ಮಣ್ಣಿನಲ್ಲೇ ಹೆಚ್ಚು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಬೂದಿ ಮುಚ್ಚಿದ ಕೆಂಡ ಎಂದು ಒಳಗೊಳಗೇ ಕುದಿಯುವ ಸಿಟ್ಟಿಗೆ ಹೇಳುತ್ತೇವೆ. ಗ್ರಿಲ್ ಮುಂದೆ ನಿಂತಾಗ ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಬೂದಿ ಶಾಖವನ್ನು ಹೊರಗೆ ಬಿಡುವುದಿಲ್ಲ, ಗಾಳಿಯನ್ನು ನಿಧಾನವಾಗಿ ಮಾತ್ರ ಒಳಗೆ ಬಿಡುತ್ತದೆ. ಮೇಲೆ ಕೈ ಹಿಡಿದರೆ ತಣ್ಣಗೆ ಅನ್ನಿಸುವ ರಾಶಿಯೊಳಗೆ ಮರುದಿನವೂ ಕೆಂಡ ಬದುಕಿರಬಹುದು. ನಾನು ಲೋಹದ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಕಲ್ಲಿನ ಮೇಲೆ ಇಟ್ಟು, ಕಡಿಮೆಯೆಂದರೆ 48 ಗಂಟೆ ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಬುಟ್ಟಿ, ಮರದ ನೆಲ, ಪೊದೆಯ ಬುಡದಲ್ಲಿ ಉಳಿದ ಹಳೆಯ ತರಗೆಲೆಯ ರಾಶಿ, ಇವುಗಳ ಹತ್ತಿರ ಆ ಡಬ್ಬಿ ಹೋಗಬಾರದು. ವಸಂತದಲ್ಲಿ ಇದ್ದಕ್ಕಿದ್ದಂತೆ ಮಳೆ ಹನಿಯುತ್ತದೆ, ಆಗ ಗ್ರಿಲ್ಲನ್ನು ಎತ್ತಿ ಮನೆಯೊಳಗೋ ಗ್ಯಾರೇಜಿಗೋ ತರುವ ಮನಸ್ಸಾಗುತ್ತದೆ. ದಯವಿಟ್ಟು ತರಬೇಡಿ. ಆರುತ್ತಿರುವ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಊಟ ನೆನೆದರೆ ನೆನೆಯಲಿ.

ಜರಡಿಯ ಮೇಲೆ ಉಳಿದ ಕಪ್ಪು ಚೂರುಗಳ ಬಗ್ಗೆ ಯಾರೂ ಕೇಳುವುದಿಲ್ಲ, ನನಗೆ ಪ್ರೀತಿ ಮಾತ್ರ ಅವುಗಳ ಮೇಲೆಯೇ. ಊಟವಾದ ಕೂಡಲೇ ಗ್ರಿಲ್‌ನ ಮುಚ್ಚಳವನ್ನೂ ಗಾಳಿಕಿಂಡಿಗಳನ್ನೂ ಮುಚ್ಚಿಬಿಟ್ಟರೆ ಉಸಿರು ಕಟ್ಟಿ ಕೆಂಡ ಆರುತ್ತದೆ, ದೊಡ್ಡ ಚೂರುಗಳು ಮುಂದಿನ ವಾರಕ್ಕೆ ಮತ್ತೆ ಇದ್ದಿಲಾಗಿ ಸಿಗುತ್ತವೆ. ಕೊಬ್ಬು ತಾಗದ ಸಣ್ಣ ಚೂರುಗಳನ್ನು ನೀರು ಚಿಮುಕಿಸಿ, ಕಡಲೆ ಗಾತ್ರಕ್ಕೆ ಕುಟ್ಟಿ, ಕಾಂಪೋಸ್ಟ್‌ನೊಳಗೆ ಕೆಲವು ತಿಂಗಳು ಬಿಡುತ್ತೇನೆ. ಇದ್ದಿಲಿನ ಒಡಲು ತುಂಬ ಸೂಕ್ಷ್ಮ ರಂಧ್ರಗಳು. ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಸುಲಭಕ್ಕೆ ಕೊಳೆಯುವುದಿಲ್ಲ. ನೇರವಾಗಿ ಪಾತಿಗೆ ಹಾಕಿದರೆ ಮೊದಮೊದಲು ಮಣ್ಣಿನ ಸಾರಜನಕವನ್ನು ತಾನೇ ಹೀರಿಕೊಳ್ಳುವುದುಂಟು, ಅದಕ್ಕೇ ಮೊದಲು ಕಾಂಪೋಸ್ಟ್‌ನಲ್ಲಿ ಅದರ ಹೊಟ್ಟೆ ತುಂಬಿಸಬೇಕು. ಅಮೆಜಾನ್ ಕಾಡಿನಲ್ಲಿ ಟೆರ್ರಾ ಪ್ರೆಟಾ ಎನ್ನುವ ಕಪ್ಪು ಮಣ್ಣಿನ ಜಾಗಗಳಿವೆ. ಯುರೋಪಿನವರು ಬರುವುದಕ್ಕೂ ಎಷ್ಟೋ ಮೊದಲು ಅಲ್ಲಿನ ಮೂಲನಿವಾಸಿಗಳ ಒಲೆಯ ಇದ್ದಿಲು, ಮೂಳೆ, ಮಡಕೆ ಚೂರು, ಅಡುಗೆಯ ಕಸ ಸೇರಿ ಆದ ಮಣ್ಣು ಅದು. ಸುತ್ತಲಿನ ಬಡ ಮಣ್ಣಿನ ನಡುವೆ ಇಂದಿಗೂ ಅದರ ಫಲವತ್ತತೆ ಎದ್ದು ಕಾಣುತ್ತದೆ.

ಗ್ರಿಲ್ ಎಲ್ಲಿಡಬೇಕು ಎಂಬುದನ್ನೂ ಜೊತೆಗೇ ಕೇಳುತ್ತಾರೆ. ಗೋಡೆ, ಬೇಲಿ, ಪೊದೆಗಳಿಂದ 3 ಮೀಟರ್ ದೂರ, ಮೇಲೆ ಕೊಂಬೆ ಇರಬಾರದು. ವಸಂತದ ಚಿಗುರು ಮೆತ್ತಗಿರುತ್ತದೆ, ಬಿಸಿಗಾಳಿಗೇ ಬಾಡುತ್ತದೆ.

ತೋಟದಿಂದ ಗ್ರಿಲ್‌ಗೂ ಬರುವುದುಂಟು. ಬಲಿತ ರೋಸ್‌ಮೆರಿ ಕಡ್ಡಿಯ ಎಲೆ ಬಿಡಿಸಿ, ಅದಕ್ಕೇ ತರಕಾರಿ ಪೋಣಿಸಿ ಸುಡಿ, ಪರಿಮಳ ಒಳಗಿನಿಂದ ಏರುತ್ತದೆ. ಆದರೆ ಕಂಡ ಕಡ್ಡಿಯನ್ನೆಲ್ಲ ಮುರಿಯಬೇಡಿ. ಕಣಗಿಲೆಯ ಪ್ರತಿ ಭಾಗವೂ ವಿಷ, ಅದನ್ನು ಸುಟ್ಟ ಹೊಗೆಯೂ ಕೆಟ್ಟದ್ದು. ಎಳೆ ಈರುಳ್ಳಿಯನ್ನು ಬೂದಿ ಬಣ್ಣದ ಪೊರೆ ಕಟ್ಟಿದ ಕೆಂಡದ ಮೇಲೆ ಎರಡು ನಿಮಿಷ ಇಟ್ಟು, ಆಮೇಲೆ ಕೆಂಡವಿಲ್ಲದ ಬದಿಗೆ ಸರಿಸಿ ಬೇಯಲು ಬಿಟ್ಟರೆ ಸಿಹಿ ಬೇರೆಯೇ.

ಮೊನ್ನೆ ಸಂಜೆಯ ಬೂದಿ ಡಬ್ಬಿಯಲ್ಲಿದೆ. ಇವತ್ತು ಸಂಜೆಗೆ 48 ಗಂಟೆ ತುಂಬುತ್ತದೆ. ಕೋಸಿನ ಸಸಿ ನೆಡಲು ಇನ್ನೂ ಎರಡು ವಾರವಿದೆ, ಆ ಪಾತಿಯ ಪಿಎಚ್ ಈ ಸಲ 6ಕ್ಕಿಂತ ಸ್ವಲ್ಪ ಕೆಳಗಿದೆ. ನಾಳೆ ಬೆಳಿಗ್ಗೆ ಗಾಳಿ ಏಳದಿದ್ದರೆ ಮೂರು ಹಿಡಿ ಅಲ್ಲಿಗೆ.