5 ಗ್ರಾಂ ಎಲೆ 6.2 ಗ್ರಾಂ ಆದ ಕತೆ

ಕೊಳೆತ ಎಲೆಯ ತೂಕ ಜಾಸ್ತಿ ಆಗುತ್ತಾ? ನನ್ನ ಶೀಟಿನಲ್ಲಿ ಆಗಿತ್ತು. ಹಳ್ಳದಲ್ಲಿ ಎಲೆ ಎಷ್ಟು ಕೊಳೆಯುತ್ತೆ ಅಂತ ತಿಳಿಯಲು, ತೂಗಿದ ಎಲೆಯನ್ನು ಚೀಲಗಳಲ್ಲಿ ತುಂಬಿ, ದಾರ ಕಟ್ಟಿ ಅಲ್ಲಿ ಬಿಟ್ಟು, ಆಮೇಲೆ ತಂದು ಒಣಗಿಸಿ ಮತ್ತೆ ತೂಗುವುದು ನನ್ನ ಕೆಲಸ. 5 ಗ್ರಾಂ ತುಂಬಿದ್ದ ಚೀಲದ ಎಲೆ, ಓವನ್‌ನಿಂದ ತೆಗೆದಾಗ 6.2. ಮೀಟಿಂಗಿನಲ್ಲಿ ಮೇಡಂ ಪರದೆ ನೋಡಿ, "ಎಲೆ ಹಳ್ಳದಲ್ಲಿ ಬೆಳೀತೇನ್ರೀ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ.

ಒಣ ಹಂತದ, ಅಂದರೆ ಹಳ್ಳ ಬತ್ತಿರುವಾಗಿನ, ಕೊನೆಯ ಬ್ಯಾಚ್ ಚೀಲಗಳನ್ನು ಶುಕ್ರವಾರವೇ ತರಬೇಕಿತ್ತು. ಮೋಡ ಕಟ್ಟಿತ್ತು. ಗಾಡಿಗೆ ಸಹಿ ಹಾಕುವವರು ರಜೆ. ನಮ್ಮಲ್ಲಿ ಗಾಡಿ ಹೊರಡಲು ಮೂರು ಸಹಿ ಬೇಕು, ಹಳ್ಳ ಹೊರಡಲು ಒಂದೂ ಬೇಡ. ಬೈಕಿನಲ್ಲಿ ಹೋಗಬಹುದಿತ್ತು, ನಿಜ. ಆದರೆ ಬತ್ತಿದ ಹಳ್ಳದಲ್ಲಿ ಬಿದ್ದ ಎಲೆಗೆ ಏನಾಗುತ್ತೆ, ಸೋಮವಾರ ತಂದರಾಯ್ತು ಅಂದುಕೊಂಡೆ.

ಶನಿವಾರ ರಾತ್ರಿ ಮಳೆ ಹೊಯ್ಯಿತು. ಭಾನುವಾರ ಬೆಳಿಗ್ಗೆ ಸಹೋದ್ಯೋಗಿಯ ಬೈಕ್ ಹತ್ತಿ ಓಡಿದೆ.

ಗುಂಡಿಗಳಷ್ಟೇ ತುಂಬಿದ್ದವು. ಸದ್ಯ, ಬಚಾವಾದೆ ಅಂತ ಇಳಿದೆ. ಆರನೇ ಚೀಲ ಬಿಚ್ಚುವಾಗ ಮೇಲಿನಿಂದ ಸರಸರ ಸದ್ದು. ಮೊದಲು ಬಂದದ್ದು ನೀರಲ್ಲ, ತರಗೆಲೆಯ ರಾಶಿ. ಕಡ್ಡಿ, ನೊರೆ, ಎಲೆ ಎಲ್ಲ ಒಟ್ಟಾಗಿ ಉರುಳುತ್ತಾ ಬಂತು. ಹಿಂದೆಯೇ ಕಡು ಕಂದು ನೀರು. ಪಾದದ ಗಂಟಿನಲ್ಲಿದ್ದದ್ದು ನೋಡನೋಡುತ್ತಲೇ ಮೊಣಕಾಲಿಗೆ ಬಂತು. ಹೂಳಿನೊಳಗೆ ಕೈ ಹಾಕಿ ದಾರ ತಡಕಾಡಿದೆ. ಒಂದು ಬೇರಿಗೆ ಸುತ್ತಿಕೊಂಡು ಬರಲೇ ಇಲ್ಲ. ದಡದಿಂದ "ಸಾಕು, ಮೇಲೆ ಬಾ ಮಾರಾಯ" ಅಂತ ಕೂಗು. ಇನ್ನೊಂದು, ಇನ್ನೊಂದು ಅನ್ನುತ್ತಲೇ ಇದ್ದೆ. ಅದು ಶುದ್ಧ ಹುಚ್ಚು, ಈಗ ಗೊತ್ತಾಗುತ್ತೆ. 24ರಲ್ಲಿ 17 ಸಿಕ್ಕವು.

ದಡದಲ್ಲಿ ಕೂತು ಒಂದು ಚೀಲ ಹಿಂಡಿದೆ. ಬೆರಳ ಸಂದಿಯಿಂದ ಕಂದು ನೀರು ಸೋರಿತು. ಆಗ ಎದೆ ಧಸಕ್ಕೆಂದಿತು. ಎಲೆ ನೆನೆದ ಮೊದಲ ಒಂದೆರಡು ದಿನದಲ್ಲೇ ಸಕ್ಕರೆ, ಒಗರಿನ ಟ್ಯಾನಿನ್‌ನಂಥ ಕರಗುವ ವಸ್ತುಗಳಲ್ಲಿ ಹೆಚ್ಚಿನದನ್ನು ನೀರಿಗೆ ಬಿಟ್ಟುಕೊಡುತ್ತದೆ. ಶಿಲೀಂಧ್ರ, ಹುಳು ಬಾಯಿ ಹಾಕುವ ಮೊದಲೇ ತೂಕ ಇಳಿದಿರುತ್ತದೆ. ನಾನು ತೂಗಬೇಕಿದ್ದ ಒಣ ಎಲೆ ಆಗಲೇ ಹಳ್ಳದ ಪಾಲಾಗಿತ್ತು.

6.2ರ ಗುಟ್ಟು ಸುಲಭ: ಹೂಳು. ಒಣ ಬ್ಯಾಚ್ ಅಂತ ಬ್ರಷ್ ಮಾತ್ರ ಮಾಡಿದ್ದೆ, ತೊಳೆದಿರಲಿಲ್ಲ. ಫರ್ನೇಸಿನಲ್ಲಿ (ಕುಲುಮೆ) 550 ಡಿಗ್ರಿಗೆ ಸುಟ್ಟರೆ ಎಲೆ ಉರಿದುಹೋಗುತ್ತದೆ, ಹೂಳು ಬೂದಿಯ ಜೊತೆ ಉಳಿಯುತ್ತದೆ. ಆ ಬೂದಿಯ ತೂಕ ಕಳೆದಾಗ 3.1 ಉಳಿಯಿತು. ಹೂಳಿನ ಲೆಕ್ಕ ಫರ್ನೇಸ್ ಸರಿ ಮಾಡಿತು. ಮಳೆಯ ಲೆಕ್ಕ?

ನೀರು ಬಂದ ಹೊತ್ತು ದಾಖಲಿಸುವ ಲಾಗರ್ ಪ್ರಕಾರ ಚೀಲಗಳು ನೆನೆದದ್ದು 9 ಗಂಟೆ. ಸರಿ, ಲ್ಯಾಬಿನ ಡಬ್ಬಿಯಲ್ಲಿ ಉಳಿದಿದ್ದ ಎಲೆಯನ್ನು 9 ಗಂಟೆ ಬಕೆಟಿನಲ್ಲಿ ನೆನೆಸಿ, ಇಳಿದ ತೂಕವನ್ನು ವಾಪಸ್ ಸೇರಿಸೋಣ ಅಂತ ಹೊರಟೆ. ಜಾಣತನ ಅಂದುಕೊಂಡಿದ್ದೆ. ಮೇಡಂ ಎರಡೂ ಎಲೆಗಳನ್ನು ಪಕ್ಕಪಕ್ಕ ಇಟ್ಟರು. ಡಬ್ಬಿಯ ಎಲೆ ಕಂದು, ಗಟ್ಟಿ. ಹಳ್ಳದ್ದು ಬಿಸಿಲಿಗೆ ಬಿಳಿಚಿ, ಬಾಗಿಸಿದರೆ ಪಟ್ಟನೆ ಮುರಿಯುತ್ತಿತ್ತು. ಎಲೆಗೆ ಗಟ್ಟಿತನ ಕೊಡುವ ಲಿಗ್ನಿನ್ನನ್ನೂ ಬಿಸಿಲು ಒಡೆಯುತ್ತದೆ. ನೀರಿಲ್ಲದಿದ್ದರೂ ಎಲೆ ಸುಮ್ನೆ ಬಿದ್ದಿರಲಿಲ್ಲ ಅಲ್ವಾ? ಎರಡೂ ಒಂದೇ ಥರ ನೆನೆಯುವುದಿಲ್ಲ. ಬಕೆಟ್ ಚೆಲ್ಲಿದೆ.

ಆ 17 ಚೀಲಗಳ ಮುಂದೆ "ಒಣ + 9 ಗಂಟೆ" ಅಂತ ಬರೆದಿಟ್ಟಿದ್ದೇನೆ. ಮೇಡಂ ಇನ್ನೂ ಅದನ್ನು ಗ್ರಾಫಿಗೆ ಸೇರಿಸಿಲ್ಲ. ಗಾಡಿ ಫಾರ್ಮಿಗೆ ಈಗ ನಾಲ್ಕು ಸಹಿ.