ಸುತ್ತ ಇಷ್ಟು ಕಾಡಿದೆಯಲ್ಲ, ಸುಮ್ನೆ ಬಿಟ್ಟುಬಿಡಬಾರದಾ?

ಶಿರಸಿ ಹತ್ತಿರದ ನಮ್ಮ ಜಾಗದಲ್ಲಿ ಯಾರಿಗೂ ಬೇಡವಾದ ಕುದುರೆ, ಕತ್ತೆ, ದನ, ಆಡುಗಳಿವೆ. ನೋಡಲು ಬಂದವರು ಕೊಟ್ಟಿಗೆ, ಹುಲ್ಲಿನ ರಾಶಿ ಎಲ್ಲ ನೋಡಿ ಹೆಚ್ಚುಕಡಿಮೆ ಒಂದೇ ಮಾತು ಕೇಳುತ್ತಾರೆ: "ಇಷ್ಟೆಲ್ಲ ಖರ್ಚು ಯಾಕೆ ಮಾರಾಯ್ರೆ? ಸುಮ್ನೆ ಕಾಡಿಗೆ ಬಿಟ್ಟರೆ ತಾವೇ ಮೇಯ್ಕೊಂಡು ಇರೋದಿಲ್ವಾ?"

ಮಲೆನಾಡು ಗಿಡ್ಡ ದನ ಆದರೆ ಇದ್ದೀತು. ಬೆಳಿಗ್ಗೆ ಬೆಟ್ಟ ಹತ್ತಿ, ಸೊಪ್ಪುಸದೆ ತಿಂದು, ಸಂಜೆ ತಾನಾಗಿ ಕೊಟ್ಟಿಗೆಗೆ ಬರುವ ತಳಿ ಅದು. ನಮ್ಮ ಮಳೆಗೆ ಒಗ್ಗಿದ ಮೈ. ಆದರೆ ನಮ್ಮಲ್ಲಿಗೆ ಜಾಸ್ತಿ ಬರುವುದು ಹಾಲು ಬತ್ತಿದ ಜರ್ಸಿ, ಪೇಟೆಯಲ್ಲಿ ಪ್ಲಾಸ್ಟಿಕ್ ತಿಂದ ಬೀಡಾಡಿ ದನ, ಟಾಂಗಾ ಎಳೆದು ಮುದಿಯಾದ ಕುದುರೆ.

ಹಸಿರು ಕಂಡದ್ದೆಲ್ಲ ಮೇವೂ ಅಲ್ಲ. ನಮ್ಮ ಜಿಲ್ಲೆಯ ಅಕೇಶಿಯಾ ತೋಪುಗಳ ಅಡಿಗೆ ಹೋಗಿ ನೋಡಿ, ಹುಲ್ಲು ಸರಿಯಾಗಿ ಏಳುವುದೇ ಇಲ್ಲ. ಲಂಟಾನ ಎಂಬ ಕಳೆಗಿಡ ತಿಂದ ದನಕ್ಕೆ ಲಿವರ್ ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಕಾಡು ಸುತ್ತಿ ಬಂದ ದನದ ಮೈಮೇಲೆ ಉಣುಗು ಮನೆವರೆಗೂ ಬರುತ್ತದೆ. ಈ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದದ್ದು. ಸಿದ್ದಾಪುರದ ಕಡೆಯವರಿಗೆ ಬೇಸಿಗೆ ಬಂದರೆ ಈಗಲೂ ಅದರದೇ ಭಯ. ಅದಕ್ಕೇ ಸಂಜೆ ಪ್ರತಿ ದನದ ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿಯಲ್ಲಿ ಗ್ಲೌಸ್ ಹಾಕಿಕೊಂಡು ಹುಡುಕುತ್ತೇವೆ.

ಕುದುರೆಯದು ಇನ್ನೂ ಸೂಕ್ಷ್ಮ. ದನ ಒರಟು ಹುಲ್ಲನ್ನೂ ಮೆಲುಕು ಹಾಕಿ ಅರಗಿಸಿಕೊಳ್ಳುತ್ತದೆ. ಕುದುರೆಗೆ ಮೆಲುಕಿಲ್ಲ, ಜಠರವೂ ಚಿಕ್ಕದು. ಸ್ವಲ್ಪ ಸ್ವಲ್ಪವಾಗಿ ದಿನದ ಹೆಚ್ಚು ಹೊತ್ತು ಮೇಯುತ್ತಲೇ ಇರಬೇಕು. ತಿಂದದ್ದು ಆಗಿಬರದಿದ್ದರೆ ವಾಂತಿ ಮಾಡಲೂ ಅದಕ್ಕೆ ಬರುವುದಿಲ್ಲ. ಹೊಟ್ಟೆನೋವು ಜೋರಾದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಹಾಗಾಗಿ ಬೆಳಿಗ್ಗೆ ಎದ್ದು ನಾವು ಮೊದಲು ನೋಡುವುದು ಲದ್ದಿಯನ್ನು. ರಾತ್ರಿಯಿಡೀ ಲದ್ದಿ ಹಾಕಿಲ್ಲ ಅಂದರೆ ಉಳಿದ ಕೆಲಸ ಅಲ್ಲೇ ಬಿಟ್ಟು ಡಾಕ್ಟರಿಗೆ ಫೋನ್.

ನಮ್ಮ ಕುದುರೆ ಚಂಪಾಗೆ ದವಡೆ ಹಲ್ಲು ಸವೆದುಹೋಗಿವೆ. ಅವಳು ಹುಲ್ಲನ್ನು ಅಗಿದು ಅಗಿದು, ಕೊನೆಗೆ ಒದ್ದೆ ಉಂಡೆ ಮಾಡಿ ನೆಲಕ್ಕೆ ಉದುರಿಸುತ್ತಾಳೆ. ಎದುರಿಗೆ ಸೊಂಟದೆತ್ತರ ಹುಲ್ಲಿದ್ದರೂ ಹೊಟ್ಟೆಗೆ ಹೋಗುವುದಿಲ್ಲ. ಸಣ್ಣಗೆ ಕತ್ತರಿಸಿದ ಒಣಹುಲ್ಲು, ಬೂಸಾ ಎರಡನ್ನೂ ಬಿಸಿನೀರಲ್ಲಿ ನೆನೆಸಿ ಗಂಜಿಯ ಹದಕ್ಕೆ ತಂದು ದಿನಕ್ಕೆ ನಾಲ್ಕು ಸಲ ಬಕೆಟ್‌ನಲ್ಲಿ ಇಡುತ್ತೇವೆ. ಆತುರ ಮಾಡಬಾರದು. ಅವಳು ತಿಂದು ಮುಗಿಸುವ ತನಕ ಯಾರಾದರೂ ಪಕ್ಕದಲ್ಲಿ ನಿಂತಿರಬೇಕು, ಇಲ್ಲದಿದ್ದರೆ ಆಡುಗಳು ನುಗ್ಗುತ್ತವೆ. ಇವಳನ್ನು ಕಾಡಿಗೆ ಬಿಡುವುದು ಎಂದರೆ ಉಪವಾಸ ಕೆಡವಿದ ಹಾಗೇ ಅಲ್ವಾ?

ಮಳೆಗಾಲದಲ್ಲಿ ಕುದುರೆಗಳ ಗೊರಸಿನ ಕೆಲಸ ಶುರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಣಗುವುದೇ ಇಲ್ಲ. ಗೊರಸಿನ ಅಡಿಯಲ್ಲಿ ತ್ರಿಕೋನದ ಮೆತ್ತನೆ ಭಾಗವೊಂದಿದೆ. ಅದರ ಸಂದಿಯಲ್ಲಿ ಕೆಸರು ನಿಂತರೆ ಕೊಳೆತು ಕಪ್ಪಗಾಗುತ್ತದೆ, ಆ ವಾಸನೆ ಬಂದರೆ ತಿಳಿಯುತ್ತದೆ. ದಿನಾ ಕಾಲೆತ್ತಿ, ಕೊಕ್ಕೆಯಿಂದ ಕೆಸರು ತೆಗೆದು ಒರೆಸಿ ಒಣಗಿಸಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಕೊಟ್ಟಿಗೆಗೆ ಹಾಸಲು ಬೇಸಿಗೆಯಲ್ಲೇ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತುಂಬಿಟ್ಟಿರುತ್ತೇವೆ. ಗೊಬ್ಬರ ಪಕ್ಕದ ಅಡಿಕೆ ತೋಟಕ್ಕೆ ಹೋಗುತ್ತದೆ, ಬದಲಿಗೆ ಅವರು ಹುಲ್ಲು ಕೊಡುತ್ತಾರೆ.

ಬರುವವರು ಮದುವೆಮನೆಯಲ್ಲಿ ಉಳಿದ ಅನ್ನ ಮಾತ್ರ ದಯವಿಟ್ಟು ತರಬೇಡಿ. ಒಮ್ಮೆಲೇ ಜಾಸ್ತಿ ಅನ್ನ ತಿಂದರೆ ದನದ ಹೊಟ್ಟೆಯೊಳಗೆ ಹುಳಿಯೇರಿ ಸತ್ತೇ ಹೋಗಬಹುದು. ನಮಗೆ ಬೇಕಿರುವುದು ಕರಡ, ಅಂದರೆ ಬೆಟ್ಟದ ಒಣಹುಲ್ಲು. ಬೇಣ (ಹುಲ್ಲು ಬೆಳೆಯುವ ಬಯಲು) ಇದ್ದವರು ದೀಪಾವಳಿ ಕಳೆದು ಹುಲ್ಲು ಒಣಗಿದಾಗ ಒಂದು ಮಾತು ಹೇಳಿ ಸಾಕು. ಕತ್ತಿ ತಗೊಂಡು ನಾವೇ ಬರುತ್ತೇವೆ, ಕೊಯ್ದು ಹೊರೆ ಕಟ್ಟಿ ಹೊತ್ತುಕೊಂಡೂ ಹೋಗುತ್ತೇವೆ.